ಒಂದೇ ಕುರ್ಚಿಯ ಮನೆ

“ಈ ಎರಡು ಬೆಂಚಿನ ಸಂದೀನೇ ಬಾಗಿಲು ಅಂದ್ಕೊಳ್ಳಿ. ಒಳಗಿರೋಳು ನಾನೊಬ್ಳೇ ಮುದುಕಿ,” ಎಂದು ಮೇಡಂ ತಲೆಗೆ ಶಾಲು ಹೊದ್ದು ಚಾಪೆಯ ಮೇಲೆ ಕುಳಿತರು. ಎದುರಿಗೊಂದು ಕುರ್ಚಿ, ಅದರ ಬೆನ್ನಿಗೆ ಮಡಿಸಿ ಹಾಕಿದ ಟವೆಲ್. ಸಮಾಜಕಾರ್ಯ ಓದುವವರೆಲ್ಲ ಒಬ್ಬೊಬ್ಬರಾಗಿ ಆ ಮನೆಗೆ ಹೋಗಿ ಅಜ್ಜಿಯನ್ನು ಮಾತಾಡಿಸಬೇಕಿತ್ತು.

ಕೊನೆಯ ಬೆಂಚಿನ ಹುಡುಗಿ ಇನ್ನಷ್ಟು ಗೋಡೆಗೆ ಸರಿದು ಕೂತಳು. ತರಗತಿ ಅವಳಿಗಿಟ್ಟ ಹೆಸರು ಪಿಸುಮಾತು. ಹೊಸಬರೆದುರು ಮಾತೇ ಬರುವುದಿಲ್ಲ, ಮನೆ ಮನೆ ಸುತ್ತುವ ಕೆಲಸ ಬೇಡ, ಗ್ರಂಥಾಲಯದಲ್ಲಿ ಕೂತು ಮಾಡುವಂಥದ್ದು ಕೊಡಿ ಎಂದು ಬೆಳಿಗ್ಗೆಯೇ ಕೇಳಿಕೊಂಡಿದ್ದಳು. “ಇವತ್ತೊಂದು ಮನೆಗೆ ಹೋಗ್ಬಾ. ಆಮೇಲೂ ಹಾಗೇ ಅನ್ಸಿದ್ರೆ ಕೊಡ್ತೀನಿ,” ಎಂದಿದ್ದರು ಮೇಡಂ.

ಮಾತಿನಲ್ಲಿ ಯಾರಿಗೂ ಸೋಲದೆ ವಕೀಲ ಎಂದೇ ಹೆಸರಾದ ಹುಡುಗ ಮೊದಲು ಹೋದ. ಕುರ್ಚಿಯಲ್ಲಿ ಕುಳಿತವನೇ ಶುರು ಮಾಡಿದ. “ಖರ್ಚಿಗೆ ಯಾರು ಕೊಡ್ತಾರೆ ಅಜ್ಜಿ? ಕಾಯಿಲೆ ಗೀಯಿಲೆ ಇದ್ಯಾ?”

“ಹೂಂ. ಇಲ್ಲ.”

“ಅಜ್ಜಿ ಬಾಯಿಗೆ ಬೀಗ ಬಿದ್ದಿದೆ ಮೇಡಂ!”

ಆಮೇಲೆ ಹೋದವರೂ ಅದೇ ಕುರ್ಚಿಯಲ್ಲಿ ಕುಳಿತು, ಅದೇ ಹೂಂ-ಇಲ್ಲ ಹೊತ್ತು ಬಂದರು.

“ಅಜ್ಜಿ... ಬರ್ಲಾ?” ಪಿಸುಮಾತು ಬೆಂಚಿನ ಆಚೆಯೇ ನಿಂತಳು. ಎಂದಿನಂತೆ ತಗ್ಗಿಸಿದ ತಲೆ. ಅದಕ್ಕೇ ಇರಬೇಕು, ನೆಲಕ್ಕೆ ಜಾರಿದ್ದ ಟವೆಲ್ ಕಣ್ಣಿಗೆ ಬಿತ್ತು. ಅಜ್ಜಿ ‘ಬಾ’ ಎಂದ ಮೇಲೆ ಒಳಗೆ ಬಂದು, ಅದನ್ನೆತ್ತಿ ಮಡಿಸಿ ಕುರ್ಚಿಗೆ ಹಾಕಿ, ಕೆಳಗೆ ಕುಳಿತಳು.

“ನೆಲ ತಣ್ಣಗಿದೆ ಕಣಮ್ಮ.”

“ಇರ್ಲಿ ಅಜ್ಜಿ. ಅದು... ಯಾರು ಕೂರೋ ಕುರ್ಚಿ?”

ಅಜ್ಜಿ ಶಾಲಿನ ಅಂಚು ತಿರುವಿದರು. ಹುಡುಗಿ ಮುಂದಿನ ಪ್ರಶ್ನೆ ಹುಡುಕುತ್ತ ಟವೆಲ್ಲನ್ನೇ ನೋಡಿದಳು.

“ನಮ್ಮನೆಯವ್ರದ್ದು,” ಎಂದಿತು ಕೊನೆಗೆ ಮುದಿ ದನಿ. “ಆಸ್ಪತ್ರೆಗೆ ಹೋದೋರು ಬರ್ಲಿಲ್ಲ. ಬಂದೋರೆಲ್ಲ ಅಲ್ಲೇ ಕೂತ್ಬಿಡ್ತಾರೆ. ಏಳಿ ಅನ್ನೋಕಾಗುತ್ತಾ?”

ಹುಡುಗಿ ಗಾಬರಿಯಾದಳು. “ಮೇಡಂ, ಈಗೇನ್ ಕೇಳ್ಬೇಕು?”

“ಯಾವ ಮೇಡಮ್ಮೇ? ಈ ಮನೇಲಿರೋದು ನಾನೊಬ್ಳೇ!”

ತರಗತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಿಸುಮಾತು.

ಮೇಡಂ ಶಾಲು ತೆಗೆದರು. “ಕೂತ್ಕೊಳ್ಳೋ ಮುಂಚೆ ಯಾರನ್ನ ಕೇಳಿದ್ರಪ್ಪ?”

“ನಾವು ಸಹಾಯ ಮಾಡೋಕೆ ಹೋದೋರಲ್ವಾ ಮೇಡಂ?” ಎಂದ ವಕೀಲ.

“ಅದಕ್ಕೇ ಕೇಳ್ಲಿಲ್ವಾ?”

ಅವನು ತಲೆ ಕೆರೆದುಕೊಂಡ. ಆಮೇಲೆ ಗಂಟೆ ಹೊಡೆದದ್ದೂ ತಿಳಿಯದಂತೆ ವಾದ ನಡೆಯಿತು.

ಎಲ್ಲರೂ ಹೋದ ಮೇಲೆ ಹುಡುಗಿ ಬೆಂಚುಗಳನ್ನು ಸರಿಸುತ್ತಿದ್ದಳು. “ಗ್ರಂಥಾಲಯಕ್ಕೆ ಹೇಳ್ಲಾ?” ಎಂದರು ಮೇಡಂ ಚಾಪೆ ಸುತ್ತುತ್ತ.

“ಬೇಡ ಮೇಡಂ. ನಾಳೆ ಇನ್ನೊಂದು ಮನೆ ಮಾಡಿ.”

ಆಮೇಲೆ ಅವಳು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಟವೆಲ್ ಜಾರದಂತೆ, ಕಿಟಕಿಯ ಬಿಸಿಲಿಗೆ ಒಯ್ದು ಇಟ್ಟಳು.