ಕಪಿಲೆ ಅಚ್ಚಿನ ಅಳತೆ

“ಈ ಗಾಲಿ ಇವತ್ತು ಯಾಕಿಂಗೆ ಕೂಗ್ತೈತೆ?”

ಕೆಂಪಕ್ಕ ಕೇಳಿದ್ದು ಯಾರನ್ನೂ ಅಲ್ಲ. ಹುಳುಮನೆಯಲ್ಲಿ ಅವಳೊಬ್ಬಳೇ ಇದ್ದಳು. ರೇಷ್ಮೆ ಹುಳಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಗಳಿಗೆಯಲ್ಲಿ ತಟ್ಟೆ ಬರಿದಾಗುತ್ತಿತ್ತು. ಇನ್ನು ಏಳೆಂಟು ದಿನ ಸೊಪ್ಪು ಸಿಕ್ಕರೆ ಗೂಡು ಕಟ್ಟುತ್ತವೆ, ಸಿಗದಿದ್ದರೆ ಇಲ್ಲ. ಸೊಪ್ಪಿಗೆ ನೀರು ಬೇಕು, ನೀರು ಬರಬೇಕಾದರೆ ಕಪಿಲೆ ನಡೆಯಬೇಕು.

ಅದು ಮದ್ರಾಸು ಸರ್ಕಾರದ ಕಾಲ. ಮಡಕಶಿರಕ್ಕೆ ಎರಡು ಮೈಲಿ ದೂರದ ಆ ಹಳ್ಳಿಯಲ್ಲಿ ಬಾವಿಯ ನೀರನ್ನು ಎತ್ತುಗಳೇ ಮೇಲೆತ್ತುತ್ತಿದ್ದವು, ಅದೇ ಕಪಿಲೆ. ಬಾವಿಯ ಮೇಲೆ ಎರಡು ಕಂಬ, ನಡುವೆ ಕಬ್ಬಿಣದ ಅಚ್ಚು, ಅದರ ಮೇಲೆ ತಿರುಗುವ ಗಾಲಿ. ಗಾಲಿಯ ಮೇಲೆ ಹಾಯ್ದ ಮಿಣಿಹಗ್ಗದ ಒಂದು ತುದಿಗೆ ಚರ್ಮದ ಬಾನಿ, ಇನ್ನೊಂದು ತುದಿ ಎತ್ತಿನ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಕೆಂಪಕ್ಕನ ಗಂಡ ಲಕ್ಷ್ಮೀನರಸಪ್ಪ ಆ ಮಿಣಿಯ ಮೇಲೆಯೇ ಕೂರುತ್ತಿದ್ದ. ಅವನ ಭಾರವೂ ಸೇರಿ ಬಾನಿ ಸುಲಭವಾಗಿ ಮೇಲೆ ಬರುತ್ತಿತ್ತು.

ಬಾನಿ ಎಣಿಸಲು ಅವನಿಗೆ ಅಂಕಿ ಬೇಕಿರಲಿಲ್ಲ. ಒಂದು ಬಾನಿಗೆ ನರಸಿಂಹಸ್ವಾಮಿ ದೇವರ ಪದ್ಯದ ಒಂದು ಸಾಲು ಹೇಳುತ್ತಿದ್ದ. ನಾಲ್ಕು ಸಾಲಿಗೆ ಒಂದು ಪದ್ಯ, ನಲವತ್ತು ಪದ್ಯಕ್ಕೆ ಒಂದು ಪಾತಿ. ಗಾಲಿಯ ಕಿರ್ ಎನ್ನುವ ಸದ್ದೇ ಅವನಿಗೆ ಶ್ರುತಿ. ಆ ಸದ್ದಿಗೆ ಎತ್ತುಗಳು ಹೆಜ್ಜೆ ಹಾಕುತ್ತವೆ ಎಂದು ಅಚ್ಚಿಗೆ ಎಣ್ಣೆ ಬಿಡಲು ಅವನು ಯಾರಿಗೂ ಬಿಟ್ಟವನಲ್ಲ. ಆಯುಧಪೂಜೆಯ ದಿನ ಅಚ್ಚಿಗೆ ಅರಿಸಿನದ ದಾರ ಕಟ್ಟಿದರೆ ಮುಂದಿನ ಪೂಜೆಯವರೆಗೆ ಅದನ್ನು ಹೊರಗೆ ಎಳೆಯುವಂತೆಯೂ ಇರಲಿಲ್ಲ. ಪೂಜೆಯ ದಿನವೂ ಅಚ್ಚಿನ ತುದಿ ತೊಳೆದು ಕುಂಕುಮ ಇಡುತ್ತಿದ್ದರೇ ವಿನಾ ಗಾಲಿಯ ಒಳಗೆ ಇಣುಕಿ ನೋಡುತ್ತಿರಲಿಲ್ಲ.

ಮಗ ಬೋರಣ್ಣ ಮಡಕಶಿರದ ಹೈಸ್ಕೂಲಿನಲ್ಲಿ ನಾಲ್ಕನೇ ಫಾರಂ ಓದುತ್ತಿದ್ದ. ಆ ವರ್ಷ ಶಾಲೆಯಲ್ಲಿ ಇಂಜಿನಿಯರಿಂಗ್ ತರಗತಿ ಹೊಸದಾಗಿ ಶುರುವಾಗಿತ್ತು. ಮರ ಕೊಯ್ಯುವುದು, ಕಬ್ಬಿಣಕ್ಕೆ ಅರ ಹಾಕಿ ಉಜ್ಜುವುದು, ಅಳತೆ ತೆಗೆದು ನಕ್ಷೆ ಬರೆಯುವುದು, ಬರೆದದ್ದನ್ನು ಕೈಯಾರೆ ಮಾಡಿ ನೋಡುವುದು. ಸೇರಬೇಕಾದರೆ ತಂದೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕು, ಅದೂ ಸೋಮವಾರದೊಳಗೆ. ಕಾಗದ ಹತ್ತು ದಿನದಿಂದ ದೇವರ ಗೂಡಿನಲ್ಲೇ ಇತ್ತು.

ಸುತ್ತಿಗೆ ಹಿಡಿಯುವುದಕ್ಕೆ ಹೈಸ್ಕೂಲು ಯಾಕೆ, ಕಮ್ಮಾರನ ಕುಲುಮೆ ಸಾಲದೇ ಎಂದು ಲಕ್ಷ್ಮೀನರಸಪ್ಪನ ವಾದ. ಪಕ್ಕದ ಹೊಲದ ಓಬಯ್ಯ ಅದಕ್ಕೆ ಒಗ್ಗರಣೆ ಹಾಕುತ್ತಿದ್ದ. ಅವನ ಮಗ ಎರ್ರಪ್ಪನೂ ಅದೇ ಫಾರಮ್ಮಿನಲ್ಲಿದ್ದ. ಅವನನ್ನು ಓಬಯ್ಯ ಆಗಲೇ ಗುಮಾಸ್ತೆ ಪಾಠಕ್ಕೆ ಸೇರಿಸಿಬಿಟ್ಟಿದ್ದ.

“ನಮ್ಮೋನು ತಾಲ್ಲೂಕು ಕಚೇರೀಲಿ ಕುರ್ಚಿ ಮೇಲೆ ಕೂತ್ಕತಾನೆ ಬಾವ. ನಿಮ್ಮೋನು ಆ ಕುರ್ಚಿ ಕಾಲಿಗೆ ಮೊಳೆ ಹೊಡೀತಾನೆ,” ಎಂದು ನಗುತ್ತಿದ್ದ.

ಆ ತರಗತಿಯ ಹುಲುಗಪ್ಪ ಮೇಷ್ಟ್ರು ರಾಯದುರ್ಗದ ಕಡೆಯವರು. ಸಹಿ ಬರುವವರೆಗೆ ಬೋರಣ್ಣನನ್ನೂ ತರಗತಿಯಲ್ಲಿ ಕೂರಿಸಿಕೊಂಡಿದ್ದರು. ಅವರು ಹುಡುಗರಿಂದ ಎರಡು ಚಿಕ್ಕ ಗಾಲಿ ಮಾಡಿಸಿ, ಎರಡಕ್ಕೂ ಮರಳಿನ ಚೀಲ ನೇತುಹಾಕಿಸಿ, ಒಂದಕ್ಕೆ ಎಣ್ಣೆ ಬಿಟ್ಟು ಇನ್ನೊಂದನ್ನು ಎಣ್ಣೆಯಿಲ್ಲದೆಯೇ ತಿರುಗಿಸಲು ಹೇಳಿದರು. ನಾಲ್ಕು ದಿನ ಸರದಿಯ ಮೇಲೆ ತಿರುಗಿಸಿದ ಮೇಲೆ ಬಿಚ್ಚಿ ನೋಡಿದರೆ ಎಣ್ಣೆಯ ಅಚ್ಚು ಇದ್ದ ಹಾಗೇ ಇತ್ತು. ಒಣ ಅಚ್ಚು ನಡುವೆ ಕಬ್ಬಿನ ಗೆಣ್ಣು ಕಚ್ಚಿದಂತೆ ಸವೆದಿತ್ತು.

ಬೋರಣ್ಣನಿಗೆ ಅಪ್ಪನ ಎಣ್ಣೆ ಕಾಣದ ಅಚ್ಚು ನೆನಪಾಯಿತು. ಮರುದಿನ ಅಳತೆಕೋಲು ತಂದು ಮನೆಯ ಕಪಿಲೆಯ ಕಂಬ ಹತ್ತಿದ. ಅಚ್ಚು ಎಳೆಯದೆಯೇ ಅಳೆದ. ಗಾಲಿ ಕೂರಿಸಿದಾಗ ಕಂಬದ ಮೇಲೆ ಹಾಕಿದ್ದ ಹಳೆಯ ಗುರುತಿಗಿಂತ ಗಾಲಿ ಮುಕ್ಕಾಲು ಅಂಗುಲ ಕೆಳಗೆ ಕೂತಿತ್ತು. ಅಚ್ಚಿನ ದಪ್ಪವೇ ಒಂದೂಕಾಲು ಅಂಗುಲ. ಸವೆದದ್ದು ಗಾಲಿಯ ಒಳಗಿನ ಬಳೆಯಾದರೆ ಅಷ್ಟು ಭಯವಿಲ್ಲ. ಅಚ್ಚೇ ಆಗಿದ್ದರೆ ಒಳಗೆ ಉಳಿದದ್ದು ಅರ್ಧ ಅಂಗುಲ, ಅದರ ಮೇಲೆ ಅಪ್ಪನ ಜೀವ.

ಅಚ್ಚು ಎಳೆದು ನೋಡೋಣ ಎಂದು ಅಪ್ಪನಿಗೆ ಹೇಳಿದ. ದಾರ ಕಟ್ಟಿದ ಅಚ್ಚನ್ನು ಬಿಚ್ಚುವ ಮಾತು ಈ ಮನೆಯಲ್ಲಿ ಆಡಬೇಡ ಎಂದು ಲಕ್ಷ್ಮೀನರಸಪ್ಪ ಗದರಿದ. ಹಾಗಾದರೆ ಎರಡು ದಿನ ಕಪಿಲೆ ನಿಲ್ಲಿಸಿ ಎಂದ ಹುಡುಗ. ಹುಳಕ್ಕೆ ನಿನ್ನ ಪುಸ್ತಕ ಹಾಕಲೇ ಎಂದು ಲಕ್ಷ್ಮೀನರಸಪ್ಪ ಕೇಳಿದ. ಹುಡುಗ ಮೇಷ್ಟ್ರಿಗೆ ಅಳತೆ ಹೇಳಲು ಶಾಲೆಯ ದಾರಿ ಹಿಡಿದ.

ಭಾನುವಾರ ಬೆಳಿಗ್ಗೆ ಹುಲುಗಪ್ಪ ಮೇಷ್ಟ್ರು ತಾವೇ ನಡೆದು ಬಂದರು. ಲಕ್ಷ್ಮೀನರಸಪ್ಪ ಆಗಲೇ ಎತ್ತು ಕಟ್ಟಿ, ಮಿಣಿಯ ಮೇಲೆ ಕೂರಲು ಪಂಚೆ ಎತ್ತಿಕಟ್ಟಿದ್ದ. ಓಬಯ್ಯ ಬದುವಿನ ಮೇಲೆ ಕೂತು ನೋಡುತ್ತಿದ್ದ.

ಮೇಷ್ಟ್ರು ಚಪ್ಪಲಿ ಬಿಟ್ಟು ಕೈಮುಗಿದರು. “ನಾ ದಾರ ಬಿಚ್ಚು ಅನ್ನಂಗಿಲ್ರೀ. ಕಪಿಲಿ ನಿಲ್ಲಸು ಅನ್ನಂಗೂ ಇಲ್ಲ. ನೀವು ಕೂಡೂ ಜಾಗದಾಗ ನಿಮ್ಮಷ್ಟು ತೂಕದ ಕಲ್ಲಿನ ಚೀಲ ಕಟ್ರಿ. ಒಂದ್ ಪದ್ಯ ಮುಗಿಯೂತನಕ. ಅಷ್ಟ ನಾ ಕೇಳೂದು.”

“ಕಲ್ಲು ಪದ್ಯ ಹೇಳ್ತೈತಾ ಮೇಷ್ಟ್ರೇ?” ಎಂದ ಓಬಯ್ಯ.

“ಪದ್ಯ ಅವರ ಹೇಳ್ಲಿ. ಭಾರ ಕಲ್ಲು ಹೊರ್ಲಿ,” ಎಂದರು ಮೇಷ್ಟ್ರು.

ಮನೆಗೆ ಬಂದ ಮೇಷ್ಟ್ರಿಗೆ ಇಲ್ಲವೆನ್ನಲು ಲಕ್ಷ್ಮೀನರಸಪ್ಪನಿಗೆ ಮುಜುಗರವಾಯಿತು. ಒಂದೇ ಪದ್ಯ, ನಾಲ್ಕೇ ಬಾನಿ ಎಂದ. ಬೋರಣ್ಣ ಗೋಣಿಚೀಲಕ್ಕೆ ಕಲ್ಲು ತುಂಬಿ ಮಿಣಿಗೆ ಬಿಗಿದ. ಲಕ್ಷ್ಮೀನರಸಪ್ಪ ಎತ್ತಿನ ಪಕ್ಕದಲ್ಲಿ ನಡೆಯುತ್ತ ಮೊದಲ ಸಾಲು ಹೇಳಿದ. ಗಾಲಿ ಕಿರುಗುಟ್ಟಿತು. ಬಾನಿ ಬಂತು, ನೀರು ಕಾಲುವೆಗೆ ಸುರಿಯಿತು.

ಎರಡನೇ ಸಾಲು, ಎರಡನೇ ಬಾನಿ. ಏನೂ ಆಗಲಿಲ್ಲ. ಕೆಂಪಕ್ಕ ಹುಳುಮನೆ ಬಿಟ್ಟು ಬಂದು ಬಾವಿಯ ಹತ್ತಿರ ನಿಂತಳು.

ಮೂರನೇ ಸಾಲಿಗೆ ಗಾಲಿಯ ಸದ್ದು ಒಂದು ಕಡೆ ಕಡಿದು ಮತ್ತೆ ಹತ್ತಿತು. ಆದರೂ ಬಾನಿ ಬಂತು. ಓಬಯ್ಯ ಸಣ್ಣಗೆ ಶಿಳ್ಳೆ ಹಾಕಿದ. ಲಕ್ಷ್ಮೀನರಸಪ್ಪ ಎತ್ತುಗಳನ್ನು ಹಿಂದಕ್ಕೆ ಹತ್ತಿಸಿ ನಿಲ್ಲಿಸಿ, ಸಾಕು ನಿಮ್ಮ ಪರೀಕ್ಷೆ ಎಂದು ಚೀಲದ ಗಂಟಿಗೆ ಕೈ ಹಾಕಿದ.

ಹುಡುಗ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಲೆಯೆತ್ತಿ ಗಾಲಿಯ ಕಡೆ ನೋಡಿದರು. ಸವೆದದ್ದು ಅಚ್ಚಲ್ಲ, ಬಳೆಯೇ ಇರಲೂಬಹುದು ಎಂದು ಅವರಿಗೆ ಗೊತ್ತಿತ್ತು.

ಆಗ ಕೆಂಪಕ್ಕ ಬಾಯಿ ಬಿಟ್ಟಳು. “ಇನ್ನೊಂದು ಸಾಲೈತೆ. ಸ್ವಾಮಿ ಪದ್ಯ ಮುಕ್ಕಾಲಿಗೆ ನಿಲ್ಸಿ ನೀನೆಂಗೆ ಕೂತ್ಕತೀಯ?”

ಲಕ್ಷ್ಮೀನರಸಪ್ಪನ ಕೈ ಗಂಟಿನ ಮೇಲೆಯೇ ನಿಂತಿತು. ಪದ್ಯವನ್ನು ಅರ್ಧಕ್ಕೆ ಬಿಟ್ಟು ಮೇಲೆದ್ದವನಲ್ಲ ಅವನು, ಜ್ವರ ಬಂದಾಗಲೂ. ಕೈ ತೆಗೆದ. ಎತ್ತಿನ ಪಕ್ಕಕ್ಕೆ ಬಂದು ನಾಲ್ಕನೇ ಸಾಲು ಹಿಡಿದ.

ಸಾಲು ಮುಗಿಯಲಿಲ್ಲ. ಬಾವಿಯ ಮೇಲೆ ಬಂಡೆ ಸಿಡಿದಂಥ ಸದ್ದಾಯಿತು. ಗಾಲಿ ಕಳಚಿ ನೀರಿಗೆ ಬಿತ್ತು. ಮಿಣಿ ಸಡಿಲಾಗಿ, ತುಂಬಿದ ಬಾನಿಯ ಭಾರಕ್ಕೆ ಮತ್ತೆ ಜಗ್ಗಿ ಚಾಟಿಯಂತೆ ಎಗರಿತು. ಕಲ್ಲಿನ ಚೀಲ ಆಳೆತ್ತರ ಹಾರಿ ಬಾವಿಯ ಕಟ್ಟೆಗೆ ಬಡಿದು ಒಡೆಯಿತು. ಎತ್ತುಗಳು ಹಿಂದಕ್ಕೆ ಜಾರಿ ಮೊಣಕಾಲೂರಿದವು. ಬೋರಣ್ಣ ಓಡಿ ಮಿಣಿ ಕಟ್ಟಿದ್ದ ನೊಗದ ಗೂಟ ಕಿತ್ತ. ಮಿಣಿ ಸರ್ರನೆ ಬಾವಿಯೊಳಗೆ ಹೋಯಿತು. ಎತ್ತುಗಳು ಉಳಿದವು.

ಕಂಬಕ್ಕೆ ಅಂಟಿಕೊಂಡಿದ್ದ ಅಚ್ಚಿನ ತುಂಡನ್ನು ಮೇಷ್ಟ್ರು ಇಳಿಸಿ ಕೊಟ್ಟರು. ಅರಿಸಿನದ ದಾರ ತುದಿಯಲ್ಲಿ ಹಾಗೇ ಇತ್ತು. ಮುರಿದ ಜಾಗದಲ್ಲಿ ಅಚ್ಚು ಕಿರುಬೆರಳಿಗಿಂತ ತೆಳ್ಳಗಾಗಿ ಹೊಳೆಯುತ್ತಿತ್ತು. ಲಕ್ಷ್ಮೀನರಸಪ್ಪ ಅದರ ಮೇಲೆ ಬೆರಳಾಡಿಸಿದ. ಒಡೆದ ಚೀಲವನ್ನು ನೋಡಿದ. ಕಟ್ಟೆಯ ಮೇಲೆ ಕೂತು ನಾಲ್ಕನೇ ಸಾಲನ್ನು ಮೆಲ್ಲಗೆ ಹೇಳಿ ಮುಗಿಸಿದ. ಆಮೇಲೆ ಮಗನ ಕಡೆ ತಿರುಗಿದ.

“ಆ ಕಾಗದ ತಗಂಬಾ. ಎಲ್ಲಿ ಬರೀಬೇಕು ತೋರ್ಸು.”

ಹೊಸ ಅಚ್ಚಿಗೆ ಕಬ್ಬಿಣವನ್ನು ಕಮ್ಮಾರ ಕಾಯಿಸಿ ಬಡಿದುಕೊಟ್ಟ. ಅರ ಹಾಕಿ ನುಣುಪು ಮಾಡಿ, ಬಾವಿಯಿಂದ ಮೇಲೆತ್ತಿದ ಗಾಲಿಗೆ ಎಣ್ಣೆ ಇಳಿಯಲು ತೂತು ಕೊರೆದವರು ಬೋರಣ್ಣ ಮತ್ತು ಅವನ ತರಗತಿಯ ಹುಡುಗರು. ಮಂಗಳವಾರ ಕಪಿಲೆ ನಡೆಯಿತು. ಹುಳಗಳು ಗೂಡು ಕಟ್ಟಿದವು.

ಇದನ್ನು ಓದುವ ಅಪ್ಪಂದಿರೇ, ಓದಿಸಿ ಕೇಳುವ ತಾಯಂದಿರೇ, ನಿಮ್ಮ ಮನೆಯಲ್ಲೂ ತಿರುಗುವ, ಎತ್ತುವ, ಭಾರ ಹೊರುವ ಸಾಮಾನು ಇದ್ದೇ ಇದೆ. ಅದನ್ನು ನಿಮ್ಮ ಮಗನ ಕೈಗೆ ಕೊಟ್ಟು, ಅಳೆದು ಹೇಳು ಎನ್ನಿ. ಅವನ ಶಾಲೆಯಲ್ಲಿ ಕೈಕೆಲಸದ ಇಂಜಿನಿಯರಿಂಗ್ ತರಗತಿ ಇದ್ದರೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಕೈ ಕಪ್ಪಾಗುತ್ತದೆ ಎಂದು ಅಂಜಬೇಡಿ, ಕೈ ತೊಳೆದರೆ ಬೆಳ್ಳಗಾಗುತ್ತದೆ. ಒಪ್ಪಿಗೆಯ ಕಾಗದ ಮನೆಗೆ ಬಂದ ದಿನವೇ ಸಹಿ ಹಾಕಿ. ಲಕ್ಷ್ಮೀನರಸಪ್ಪನಂತೆ ಹತ್ತು ದಿನ ಕಾಯಬೇಡಿ.

ಓಬಯ್ಯ ಇನ್ನೂ ಕಾಯುತ್ತಲೇ ಇದ್ದ. ಅವನ ಗಾಲಿಯನ್ನೂ ಬೋರಣ್ಣ ಅಳೆದು, ಕಪಿಲೆ ಹೂಡಬೇಡಿ ಎಂದು ಹೇಳಿ ಬಂದಿದ್ದ. ಮರುದಿನ ಓಬಯ್ಯ ಲಕ್ಷ್ಮೀನರಸಪ್ಪನ ಜಗುಲಿಗೆ ಬಂದು ಕೂತ. ಎರ್ರಪ್ಪನೂ ಜೊತೆಗಿದ್ದ. ಅಲ್ಲಿದ್ದ ಅರವನ್ನು ಅವನು ಆಗಲೇ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದ.

“ಬಾವ, ನಿಮ್ಮ ಬೋರಣ್ಣಂಗೆ ಹೇಳಿ ನನಗೂ ಒಂದು ಅಚ್ಚು ಮಾಡಿಸ್ಕೊಡು. ಎರ್ರಪ್ಪ ಕಚೇರಿಗೆ ಹೋಗೋ ಹುಡುಗ, ಅವನಿಗ್ಯಾಕೆ ಇದೆಲ್ಲ?”

ಲಕ್ಷ್ಮೀನರಸಪ್ಪ ಎರ್ರಪ್ಪನ ಕೈ ನೋಡಿದ.

“ಇಲ್ಲ ಓಬಯ್ಯ,” ಎಂದ. “ನಾವು ಮಾಡಿಕೊಡಲ್ಲ. ಎರ್ರಪ್ಪನೇ ಮಾಡ್ಲಿ, ಬೋರಣ್ಣ ತೋರಿಸ್ಕೊಡ್ತಾನೆ.”