ಕಿವಿಗೆ ಬಿದ್ದ ಹೆಸರು

"ಇನ್ನೊಂದ್ ಚೊಂಬು ಉಯ್ಯಿ ಮಾಯಮ್ಮ, ಸೀಗೆಪುಡಿ ಅಂಗೇ ನಿಂತದೆ," ಎಂದಳು ಪಕ್ಕದ ಮನೆಯ ಚಿಕ್ಕತಾಯಮ್ಮ.

ಮಾಯಮ್ಮ ಅವ್ವನ ತಲೆಯ ಮೇಲೆ ನೀರು ಹುಯ್ದಳು. ಮನೆಯ ಮುಂದೆ ಸೀರೆಗಳ ಮರೆ ಕಟ್ಟಿ, ಬೆಟ್ಟಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಮೀಯಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಕೊಪ್ಪದ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ಹೆಂಗಸು. ನಿನ್ನೆ ಸಂಜೆ ಹಸುವಿಗೆ ಬೂಸಾ ಇಟ್ಟು ಬಂದು, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದಳು ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಬದುಕಿದ್ದಾಗಲೂ ಅವಳು ಯಾರಿಗೂ ತೊಂದರೆ ಕೊಟ್ಟವಳಲ್ಲ. ಆಗ ಮಾತ್ರ ಯಾರೂ ಹೊಗಳಿರಲಿಲ್ಲ.

ಎದುರು ಮನೆಯ ಜಗಲಿಯಲ್ಲಿ ಮಾಯಮ್ಮನ ತಮ್ಮ ಪುಟ್ಟರಾಜುವಿನ ಹೆಂಡತಿ ದೀಪಿಕ ಎರಡು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಎಳೆಕೂಸನ್ನು ಸಾವಿನ ಮನೆಯೊಳಗೆ ತರಬಾರದೆಂದು ಬೆಳಿಗ್ಗೆಯೇ ಅಲ್ಲಿಗೆ ಕಳಿಸಿದ್ದರು. ಬರುವ ಭಾನುವಾರ ಕೂಸಿಗೆ ನಾಮಕರಣವಿತ್ತು. ಶಾಮಿಯಾನದವನಿಗೂ ಹೇಳಿ ಆಗಿತ್ತು. ಅದೇ ಶಾಮಿಯಾನ ಈಗ ನಾಲ್ಕು ದಿನ ಮೊದಲೇ ಬಂದು ನಿಂತಿತ್ತು. ದೀಪಿಕ ಅಲ್ಲಿಂದಲೇ ಮಾಯಮ್ಮನ ಮುಖ ನೋಡುತ್ತಿದ್ದಳು. ಅವಳು ಏನು ಕೇಳುತ್ತಿದ್ದಾಳೆಂದು ಮಾಯಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಕಡೆ ತಿರುಗಲಿಲ್ಲ.

*

ನಲವತ್ತೆರಡು ವರ್ಷದ ಹಿಂದೆ ಬೆಟ್ಟಮ್ಮ ಚೊಚ್ಚಲ ಹೆಣ್ಣು ಹೆತ್ತಾಗ ಅವಳ ಮನಸ್ಸಿನಲ್ಲಿ ಒಂದು ಹೆಸರಿತ್ತು. ಪೂರಿಗಾಲಿಯ ತವರುಮನೆ ಹಿತ್ತಲಲ್ಲಿ ಪಾರಿಜಾತದ ಮರ. ಬೆಳಿಗ್ಗೆ ಎದ್ದರೆ ನೆಲವೆಲ್ಲ ಹೂವು, ಕಾಲಿಡಲು ಜಾಗವಿಲ್ಲ. ಮಗಳಿಗೆ ಪಾರಿಜಾತ ಅಂತ ಇಡೋಣವೇ ಎಂದು ಗಂಡನನ್ನು ಕೇಳಿದಳು. ಅವನು ಅವ್ವನ್ನ ಕೇಳು ಎಂದ.

"ಪಾರಿಜಾತನಾ? ಒತ್ತಾರೆ ಉದ್ರೋಗೋ ಊವು. ಅದ್ನ ಮಡಗ್ಬುಟ್ಟು ಕೂಸ್ನ ಏನ್ ಮಾಡ್ಬೇಕು ಅಂತಿದ್ದೀಯೆ?" ಎಂದಳು ಅತ್ತೆ. "ನನ್ನೆಸ್ರೇ ಮಡಗ್ರಿ. ಗಟ್ಟಿಯಾಗ್ ಬಾಳ್ತಾಳೆ."

ಅತ್ತೆಯ ಹೆಸರು ಮಾಯಮ್ಮ. ಕೂಸು ಮಾಯಮ್ಮ ಆಯಿತು. ಬೆಟ್ಟಮ್ಮ ಬಾಯಿ ಬಿಡಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವಂತಿಲ್ಲ. ಹಾಗಾಗಿ ಬೆಟ್ಟಮ್ಮ ಹೆತ್ತ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಕೂಸೇ" ಎನ್ನುತ್ತಿದ್ದಳು. ಶಾಲೆಯಲ್ಲಿ ಹುಡುಗರು "ಅಜ್ಜಿ ಬಂದ್ಲು, ಕೋಲ್ ಕೊಡ್ರಲಾ" ಎಂದು ಆಡಿಕೊಂಡ ದಿನ ಮಗಳು ಅಳುತ್ತಾ ಬಂದಾಗ, ಸಮಾಧಾನ ಮಾಡಲು ಹೋಗಿ ಪಾರಿಜಾತದ ಕತೆ ಹೇಳಿಬಿಟ್ಟಳು. ಸಮಾಧಾನವಾಗುವ ಬದಲು ಹುಡುಗಿಯ ಹೊಟ್ಟೆಗೆ ಬೆಂಕಿ ಬಿತ್ತು. ಅಷ್ಟು ಚೆಂದದ ಹೆಸರು ತನ್ನದಾಗುತ್ತಿತ್ತು, ಅವ್ವ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ.

ಅಜ್ಜಿ ಸತ್ತಾಗ ಮಾಯಮ್ಮನಿಗೆ ಹನ್ನೆರಡು. ಇನ್ನಾದರೂ ಅವ್ವ ತನ್ನ ಹೆಸರು ಹಿಡಿದು ಕರೆಯುತ್ತಾಳೆಂದು ಕಾದಳು. ಹೆಸರು ಹಿಡಿಯಬಾರದೆಂಬ ನೇಮ ಅತ್ತೆ ಸತ್ತರೂ ಸಾಯುವುದಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಕೆರಗೋಡಿಗೆ ಮದುವೆಯಾಗಿ ಹೋಗಿ, ಗಾರ್ಮೆಂಟ್ಸ್ ಬಸ್ಸು ಹತ್ತಿ ಇಳಿದು, ತಲೆ ನರೆಯುವ ಹೊತ್ತಿಗೂ ಅವಳು ಅವ್ವನ ಬಾಯಲ್ಲಿ ಕೂಸೇ.

*

ಕಳೆದ ವಾರ ಬೆಟ್ಟಮ್ಮ ಎರಡು ಬಸ್ಸು ಹತ್ತಿ ಕೆರಗೋಡಿಗೆ ಬಂದಿದ್ದಳು. ಡಬ್ಬಿಯಲ್ಲಿ ಒಬ್ಬಟ್ಟು.

"ಕೂಸೇ, ಭಾನ್ವಾರ ಮಗೀನ್ ಕಿವೀಲಿ ಎಸ್ರು ಏಳೋಳು ನೀನೇ ಅಲ್ವಾ, ಸೋದರತ್ತೆ. ಪಾರಿಜಾತ ಅನ್ಬುಡು. ದೀಪಿಕಂಗೂ ಏಳಿವ್ನಿ, ಅವ್ಳು ಕುಣೀತಾವ್ಳೆ."

"ಪುಟ್ರಾಜಂಗೆ?"

"ಏಳಿಲ್ಲ. ಅವ್ನು ಚಿಕ್ಕಯ್ಯನ್ನ ಕೇಳ್ತಾನೆ, ಚಿಕ್ಕಯ್ಯ ಬ್ಯಾಡ ಅಂತಾನೆ. ಕಿವಿಗೆ ಮೊದ್ಲು ಬಿದ್ದುದ್ದೇ ಎಸ್ರು ಕಣವ್ವ. ಆಮ್ಯಾಕ್ ಯಾರ್ ಬಂದು ತಗೀತಾರೆ?"

ಬೆಟ್ಟಮ್ಮ ನಕ್ಕಳು. ಅರವತ್ತೈದು ವರ್ಷಕ್ಕೆ ಮೊದಲ ಸಲ ಮನೆಯವರಿಗೆ ಮೋಸ ಮಾಡಲು ಹೊರಟ ಖುಷಿ ಅವಳಿಗೆ. ಮಾಯಮ್ಮ ಆಯಿತು ಎಂದಳು. ಇಷ್ಟು ಉಪಾಯ ಬಲ್ಲವಳಿಗೆ ಅಂದು ತನ್ನ ಪಾಲಿಗೆ ಯಾಕೆ ಒಂದೂ ಹೊಳೆಯಲಿಲ್ಲ ಎಂದು ಕೇಳಬೇಕೆನಿಸಿತು. ಒಬ್ಬಟ್ಟು ಎರಡು ದಿನ ಡಬ್ಬಿಯಲ್ಲೇ ಇತ್ತು.

*

ಬೆಟ್ಟಮ್ಮನಿಗೆ ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ ಶಾಮಿಯಾನದಡಿ ತಂದರು. ಹಾರದ ಮೇಲೆ ಹಾರ ಬಿದ್ದು ಅವಳ ಗಲ್ಲದವರೆಗೂ ಹೂವಾಯಿತು. ಗಂಡ ಹೋದ ಹತ್ತೊಂಬತ್ತು ವರ್ಷದಲ್ಲಿ ಒಂದು ಎಸಳನ್ನೂ ಮುಡಿಯಗೊಡದಿದ್ದ ನೆಂಟರೇ ಆ ಹಾರ ಹಾಕಿದವರು.

ಚಿಕ್ಕಯ್ಯ ಸ್ವಾಮಿ ಗಂಟಲು ಸರಿಮಾಡಿಕೊಂಡ. ಹಾಲಿನ ಡೈರಿಯ ಮಾಜಿ ಅಧ್ಯಕ್ಷ. ಡೈರಿಯ ಕುರ್ಚಿ ಹೋದಮೇಲೆ ಅಣ್ಣತಮ್ಮಂದಿರ ಮನೆಗಳಲ್ಲಿ ಅಧ್ಯಕ್ಷತೆ ವಹಿಸುತ್ತಿದ್ದ.

"ಲೇ ಪುಟ್ರಾಜ, ಭಾನ್ವಾರದ್ ನಾಮಕರಣ ಇನ್ ಆಗಲ್ಲ, ಸೂತ್ಕ. ಅತ್ಗೆ ಓದ್ಲು, ಮನೇಲಿ ಎಣ್ಗೂಸೈತೆ. ಅತ್ಗೆ ಎಸ್ರೇ ಮಡಗ್ಬುಡು. ಈಗ್ಲೇ, ಅವ್ಳ್ ಮುಂದ್ಗಡೇನೆ. ನೋಡ್ಕೊಂಡ್ ಓಗ್ಲಿ."

"ಎಣದ್ ಮುಂದೆ ಎಸ್ರಿಕ್ತಾರೇನಪ್ಪಾ?" ಎಂದಳು ಚಿಕ್ಕತಾಯಮ್ಮ.

"ಬ್ಯಾರೇರ್ ಎಣನಾ? ಅಜ್ಜೀದಲ್ವಾ? ಅಷ್ಟ್ ಬಯ ಇದ್ರೆ ಎದ್ರುಮನೆ ಜಗ್ಲಿ ಮ್ಯಾಲೇ ಮಾಡ್ರಿ, ಇಲ್ಲೀಗ್ ಕಾಣ್ತದೆ. ಮಾಯಮ್ಮ, ನಡಿಯವ್ವ, ಸೋದರತ್ತೆ ನೀನು."

ಪುಟ್ಟರಾಜು ಅತ್ತು ಊದಿದ ಕಣ್ಣಲ್ಲಿ ತಲೆಯಾಡಿಸಿದ. ಅವ್ವನ ಮೇಲೆ ಅವನಿಗೆ ನಿಜವಾಗಿ ಪ್ರೀತಿಯಿತ್ತು. ಅವಳಿಗೆ ಏನು ಬೇಕಾಗಿತ್ತು ಎಂದು ಮಾತ್ರ ಗೊತ್ತಿರಲಿಲ್ಲ.

ಜಗಲಿಯ ಸುತ್ತ ಜನ ಸೇರಿತು. ದೀಪಿಕ ಕೂಸನ್ನು ಎದೆಗೆ ಒತ್ತಿಕೊಂಡಳು. "ರೀ, ಸೂತಕ ಕಳೀಲಿ. ಆಮೇಲೆ ಇಡೋಣ."

"ದೊಡ್ಡವ್ರು ಏಳ್ತಾವ್ರೆ, ಕೊಡು," ಎಂದ ಪುಟ್ಟರಾಜು.

ಮಾಯಮ್ಮ ಕೂಸಿಗೆ ಕೈಚಾಚಿದಳು. ಕೊಡುವಾಗ ದೀಪಿಕ ಅವಳ ಕೈಯನ್ನು ಅದುಮಿ ಹಿಡಿದು ಪಿಸುಗುಟ್ಟಿದಳು. "ಅತ್ಗೆ, ಅತ್ತೆ ನಿಮ್ಗೆ ಹೇಳಿದ್ರಲ್ವಾ. ನಿಮ್ ಕೈಲೈತೆ. ಅದನ್ನೇ ಹೇಳ್ಬುಡಿ. ಇವ್ರೆಲ್ಲ ಬೈಕೊಂಡ್ರೆ ನಾನ್ ಬೈಸ್ಕೋತೀನಿ. ಅತ್ತೆ ಹೆಸ್ರಿಟ್ರೆ ನನ್ ಮಗೂನ ನಾನ್ ಹೆಂಗ್ ಕರೀಲಿ?"

ಮಾಯಮ್ಮ ಅವಳನ್ನೇ ನೋಡಿದಳು. ಇಪ್ಪತ್ತಾರರ ಹುಡುಗಿ, ಮದುವೆಯಾಗಿ ಎರಡು ವರ್ಷ; ಮಗಳಿಗಾಗಿ ಬೈಸಿಕೊಳ್ಳಲು ತಯಾರಾಗಿದ್ದಾಳೆ. ತನಗೆ ಅಂಥ ಅವ್ವ ಸಿಗಲಿಲ್ಲ.

"ಅವ್ವಂಗೆ ಇಷ್ಟೆಲ್ಲ ಈ ಕೂಸಿಗ್ ಮಾತ್ರ ಬೇಕಾಯ್ತಾ?" ಎಂದಳು ಮೆಲ್ಲಗೆ.

ಬಾಗಿದಳು. ಟೋಪಿ ಸರಿಸಿದಳು. ಎಲೆಯ ಚಿಗುರಿನಂಥ ಕಿವಿ, ಹಾಲಿನ ವಾಸನೆ. ಆ ಹೂವಿನ ಹೆಸರು ನಾಲಿಗೆಯ ತುದಿಯವರೆಗೂ ಬಂದದ್ದು ಅವಳಿಗೇ ಗೊತ್ತಾಯಿತು. ನುಂಗಿಕೊಂಡಳು.

"ಬೆಟ್ಟಮ್ಮ," ಎಂದಳು.

"ಬೆಟ್ಟಮ್ಮ."

ಮೂರನೆಯ ಸಲ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಪುಟ್ಟರಾಜು ಬಿಕ್ಕಿ ಬಿಕ್ಕಿ ಅತ್ತ. "ಓದೋಳು ತಿರ್ಗಾ ಬಂದ್ಲು ಬುಡು," ಎಂದ ಸ್ವಾಮಿ. ಮಾಯಮ್ಮನಿಗೆ ಗೆದ್ದೆ ಎನಿಸಲಿಲ್ಲ.

ತಮಟೆ ಶುರುವಾಯಿತು. ಹೆಣ ಎತ್ತಿದರು. ಪಟಾಕಿ ಸದ್ದಿಗೆ ನಾಯಿಗಳು ಚದುರಿದವು. ಜನ ಹೆಣದ ಹಿಂದೆ ಗದ್ದೆಯ ಕಡೆ ಹೊರಟಿತು, ಮಾಯಮ್ಮನೂ ಹೊರಟಳು. ಬೀದಿಯ ತಿರುವಿನಲ್ಲಿ ತಡೆಯಲಾರದೆ ಹಿಂತಿರುಗಿ ನೋಡಿದಳು.

ಖಾಲಿ ಬೀದಿ. ಜಗಲಿಯ ಮೇಲೆ ದೀಪಿಕ ಒಬ್ಬಳೇ. ವೇಲಿನ ತುದಿಯನ್ನು ಬೆರಳಿಗೆ ಸುತ್ತಿ, ಎಂಜಲಲ್ಲಿ ಒದ್ದೆ ಮಾಡಿಕೊಂಡು, ಕೂಸಿನ ಕಿವಿಯನ್ನು ಒರೆಸುತ್ತಿದ್ದಳು. ಕೂಸು ಕಿರುಚುತ್ತಿತ್ತು. ಕಿವಿ ಕೆಂಪಗಾಗಿತ್ತು. ಅವಳು ಒರೆಸುತ್ತಲೇ ಇದ್ದಳು.