ಕರಗಬಾರದ ಪುಡಿ

ಮೂಗಿಗೆ ಮತ್ತೆ ಅದೇ ಘಾಟು, ಚಳಿಗಾಲ, ಬೆಳಗಿನ ಪಾಳಿ, ಕಿಟಕಿಗಾಜಿಗೆ ಇನ್ನೂ ಮಂಜು ಕಟ್ಟಿದೆ — ಇಂಥದೇ ಹೊತ್ತಿನಲ್ಲಿ ನಾದಿನಿ ಮೊದಲ ಸಲ ಈ ಪಾತ್ರೆಯ ಮುಂದೆ ನಿಂತು ಸೀನಿದ್ದು, ಏನತ್ತಿಗೆ ಇದು, ಮೆಣಸಿನಕಾಯಿ ಹುರೀತಿದ್ದೀರಾ, ಅವಳಣ್ಣ ಬಾಗಿಲಲ್ಲಿ ನಿಂತು ನಕ್ಕಿದ್ದ, ಆಗ ಅವನಿದ್ದ, ಹೆಂಡತಿಯನ್ನೂ ತಂಗಿಯನ್ನೂ ಈ ಕಾರ್ಖಾನೆ ಕೆಲಸಕ್ಕೆ ಸೇರಿಸಿದವನೇ ಅವನು — ಒಳಗೆ ಬಿಳಿ ಪ್ಲಾಸ್ಟಿಕ್ ಪುಡಿ ಮರಳಿನ ಹಾಗೆ ಸರಸರ ತಿರುಗುತ್ತಿದೆ, ಕಾಯಬೇಕು, ಕರಗಬಾರದು, ಪುಡಿ ಪುಡಿಯಾಗೇ ಇದ್ದು ಆ ಘಾಟಿನ ಮದ್ದನ್ನು ಮೈಗೆ ಹಿಡಿದುಕೊಳ್ಳಬೇಕು, ಆಮೇಲೆ ನೋಡಿ, ಯಾವುದಕ್ಕೂ ಅಂಟದಿದ್ದ ಪ್ಲಾಸ್ಟಿಕ್ಕು ಲೋಹವನ್ನೂ ಬಿಡುವುದಿಲ್ಲ, ಕೆಮಿಸ್ಟ್ ಮೇಡಂ ಹೇಳಿದ್ದರು, ಇನ್ನೊಂದು ಮದ್ದು ಚಿಟಿಕೆಯಷ್ಟು ಹಾಕ್ತೀವಲ್ಲಮ್ಮ, ಅದು ಪ್ಲಾಸ್ಟಿಕ್ಕು, ಘಾಟಿನ ಮದ್ದು ಎರಡನ್ನೂ ಸೇರಿಸಿ ತಾನು ಮುಗಿದುಹೋಗುತ್ತೆ, ಹುಡುಕಿದ್ರೂ ಸಿಗಲ್ಲ — ಅವಳಣ್ಣನೂ ಹಾಗೇ, ಒಂದು ಮಧ್ಯಾಹ್ನ ಎದೆ ಹಿಡಿದು ಕೂತವನು ಏಳಲಿಲ್ಲ, ಉಳಿದದ್ದು ಅತ್ತಿಗೆ, ನಾದಿನಿ, ಒಂದು ಕೋಣೆ, ಒಂದೇ ಕಂಬಳಿ, ಪೂರ್ತಿ ನೀನೇ ಎಳ್ಕೊಳ್ತೀಯಲ್ಲೇ, ಗೊರಕೆ ಹೊಡೀತೀರಲ್ಲ ಅತ್ತಿಗೆ, ಅದಕ್ಕೆ ದಂಡ — ನಗು ಬಂತು, ಪಕ್ಕಕ್ಕೆ ತಿರುಗಿದರೆ ಯಾರೂ ಇಲ್ಲ, ಈಗ ಅತ್ತಿಗೆ ಅನ್ನುವವರು ಯಾರಿದ್ದಾರೆ — ಪುಡಿ ಇಳಿಸಿದ ಮೇಲೆ ಅಲ್ಯೂಮಿನಿಯಂ ಹಾಳೆಗೆ ಅದರದೊಂದು ಪಟ್ಟಿ ಬಿಸಿಯಾಗಿ ಒತ್ತುವುದು, ನಾದಿನಿ ಅದರ ತುದಿಗೆ ಹೆಬ್ಬೆರಳಿನ ಉಗುರು ತೂರಿಸಿ ಎಬ್ಬಿಸುವುದು, ಏಳದಿದ್ದರೆ, ಪಾಸು ಅತ್ತಿಗೆ, ಪಾಸು — ಆ ಉಗುರು, ಅಂಚು ಸೀಳಿದ್ದು — ಲಾರಿ ಓಡಿಸುವವನ ಜೊತೆ ನಾದಿನಿಗೆ ಮದುವೆ ಗೊತ್ತಾಯಿತು, ಒಳ್ಳೆಯವನೇ, ಅವತ್ತು ಇಲ್ಲೇ ನಿಂತು ಕೇಳಿದಳು, ಅಣ್ಣನೇ ಇಲ್ಲ, ಇನ್ನು ನಾನು ನಿಮಗೆ ಏನಾಗ್ಬೇಕು ಅತ್ತಿಗೆ, ಅತ್ತಿಗೆ ಅವಳತ್ತ ತಿರುಗಿದಳು, ಅಷ್ಟರಲ್ಲಿ ಶಾಖದ ಮುಳ್ಳು ಕೆಂಪು ಗೆರೆ ದಾಟಿಬಿಟ್ಟಿತು, ಪುಡಿಯೆಲ್ಲ ಕರಗಿ ಪಾತ್ರೆಯೊಳಗೆ ತಿರುಗುವ ರೆಕ್ಕೆಗೆ ಗಡ್ಡೆ ಕಟ್ಟಿತು, ಸಂಜೆಯವರೆಗೆ ಇಬ್ಬರೂ ಉಳಿ ಹಿಡಿದು ಕೆತ್ತಿದರು, ಬರೀ ಟಕಟಕ — ಮುಳ್ಳು ನೋಡು, ಗೆರೆಯ ಕೆಳಗೇ ಇದೆ, ಇರಲಿ — ಮದುವೆಯಾಗಿ ಹೊರಟ ದಿನ ಲಾರಿ ಗೇಟಿನ ಮುಂದೆ ಗುರುಗುಟ್ಟುತ್ತಿತ್ತು, ಅತ್ತಿಗೆ ಅವಳ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ, ಬಿಡಬೇಕೆಂದು ಗೊತ್ತು, ಬೆರಳು ಕೇಳಬೇಕಲ್ಲ, ಹೊತ್ತಾಯ್ತು ಅಂತ ಅವನು ಹಾರ್ನ್ ಒತ್ತಿದ, ಆಗ ನಾದಿನಿ ಬಗ್ಗಿ, ಅತ್ತಿಗೆಯ ಹೆಬ್ಬೆರಳಿನ ಅಡಿಗೆ ಉಗುರು ತೂರಿಸಿ ಮೆಲ್ಲಗೆ ಎಬ್ಬಿಸಿ ನೋಡಿದಳು, ಏಳ್ತಾನೇ ಇಲ್ಲ, ಪಾಸು ಅತ್ತಿಗೆ, ಅನ್ನುತ್ತಾ ನಕ್ಕಳೋ ಅತ್ತಳೋ — ಲಾರಿ ಹತ್ತಿ ಹೋದದ್ದು ನಾದಿನಿ, ಅವತ್ತು ಬುಧವಾರ, ಇಂಥದೇ ಮಂಜು, ಹೆಬ್ಬೆರಳಿನ ಅಡಿಯಲ್ಲಿ ಇನ್ನೂ ಆ ಉಗುರು, ಅಂಚು ಸೀಳಿದ ಉಗುರು, ಎಬ್ಬಿಸುತ್ತಾ, ಆ ಉಗುರು